‘ಜಗತ್ತು ಮೌನವಾಗಿದೆ’ ಎಂದು ಬರೆದವರಿಗೆ

ನಮಸ್ಕಾರ.

ನಿಮ್ಮ ‘ರಕ್ತದಲ್ಲಿ ತೊಯ್ದ ಗಾಜಾ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ಕಾಯಿಸುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಆದರೆ ಈ ವಿಷಯವನ್ನು ಕೈಬಿಡಬೇಡಿ. ಇನ್ನೊಮ್ಮೆ ಬರೆಯಿರಿ ಅಂತ ಕೇಳಲಿಕ್ಕೇ ಇಷ್ಟುದ್ದ ಪತ್ರ ಬರೆಯುತ್ತಿದ್ದೇನೆ.

ಲೇಖನದಲ್ಲಿ ‘ಮಾನವೀಯತೆ ಸತ್ತಿದೆ’ ಎಂಬ ಮಾತು ನಾಲ್ಕು ಕಡೆ ಇದೆ. ‘ಮುಗ್ಧ ಕಂದಮ್ಮಗಳು’ ಆರು ಕಡೆ. ರಕ್ತದ ಓಕುಳಿ, ಕಣ್ಣೀರಿನ ಕೋಡಿ, ಹೆಣಗಳ ರಾಶಿ ಎಲ್ಲವೂ ಬಂದಿವೆ. ಇಷ್ಟೆಲ್ಲ ಇದ್ದೂ ಹದಿನಾಲ್ಕು ಪುಟದಲ್ಲಿ ನನಗೆ ಒಬ್ಬ ಮನುಷ್ಯನೂ ಕಾಣಲಿಲ್ಲ. ಒಂದು ಮನೆ ಇಲ್ಲ, ಒಂದು ಬೀದಿ ಇಲ್ಲ. ಯಾರೂ ಬೆಳಿಗ್ಗೆ ಎದ್ದು ನೀರಿಗೆ ಹೋಗುವುದಿಲ್ಲ, ಹಿಟ್ಟು ಕಲಸುವುದಿಲ್ಲ. ಗಾಜಾ ಅನ್ನುವ ಹೆಸರು ತೆಗೆದು ಬೇರೆ ಯಾವ ಊರಿನ ಹೆಸರು ಹಾಕಿದರೂ ಲೇಖನ ಹಾಗೇ ನಡೆಯುತ್ತದೆ. ನಿಮ್ಮ ಸಂಕಟ ನಿಜ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅದು ನಿಮ್ಮ ಹತ್ತಿರವೇ ಉಳಿದುಕೊಂಡಿದೆ, ಓದುವವರನ್ನು ಮುಟ್ಟಿಲ್ಲ.

ಮನಸ್ಸಿನಲ್ಲಿ ಉಳಿದದ್ದು ಲೇಖನದ ಜೊತೆ ನೀವು ಇಟ್ಟಿದ್ದ ಚೀಟಿ. ಅದರಲ್ಲಿ ಹೀಗೆ ಬರೆದಿದ್ದೀರಿ: ‘ನನ್ನ ಚಿಕ್ಕಮ್ಮ ಅಶ್ಕೆಲಾನ್‌ನಲ್ಲಿ ಹೋಂ ನರ್ಸ್. ಅಕ್ಟೋಬರ್ 7ರ ಬೆಳಿಗ್ಗೆ ಸೈರನ್ ಕೂಗಿದಾಗ, ಅವರು ನೋಡಿಕೊಳ್ಳುವ ಅಜ್ಜಿಯ ಚಪ್ಪಲಿ ಹುಡುಕಲು ಪುರುಸೊತ್ತು ಸಿಗಲಿಲ್ಲವಂತೆ. ಬರಿಗಾಲಲ್ಲೇ ಎತ್ತಿಕೊಂಡು ಓಡಿದರಂತೆ. ಲೇಖನ ಪ್ಯಾಲೆಸ್ತೀನಿಯರ ಬಗ್ಗೆ ಆದ್ದರಿಂದ ಇದನ್ನು ಸೇರಿಸಿಲ್ಲ.’

ಯಾಕೆ ಸೇರಿಸಲಿಲ್ಲ ಅಂತ ಅರ್ಥವಾಗುತ್ತದೆ. ನೀವು ಯಾರ ಕಡೆ ಅಂತ ಜನ ಕೇಳುತ್ತಾರೆ ಎಂಬ ಹೆದರಿಕೆ. ಉಡುಪಿ, ಮಂಗಳೂರಿನ ಕಡೆ ಎಷ್ಟೋ ಮನೆಯವರು ಇಸ್ರೇಲಿನಲ್ಲಿ ಇದೇ ಕೆಲಸದಲ್ಲಿದ್ದಾರೆ. ಗಾಜಾವನ್ನು ಆಳುತ್ತಿದ್ದ ಹಮಾಸ್ 2023ರಲ್ಲಿ ಇಸ್ರೇಲ್ ಮೇಲೆ ದಾಳಿ ಮಾಡಿದ ಆ ದಿನ, ಅವರ ಮನೆಗಳಲ್ಲಿ ಫೋನ್ ಹಿಡಿದು ಕೂತವರಿಗೆ ಈ ಯುದ್ಧ ಟಿ.ವಿ.ಯ ಸುದ್ದಿ ಆಗಿರಲಿಲ್ಲ. ನಿಮಗೆ ಗಾಜಾದ ಒಳಗೆ ಹೋಗಲು ಒಂದು ಬಾಗಿಲು ಇತ್ತು. ಅದನ್ನು ನೀವೇ ಮುಚ್ಚಿಬಿಟ್ಟಿರಿ.

ಹೇಗೆ ಅಂತ ಹೇಳುತ್ತೇನೆ. ನಿಮ್ಮ ಚಿಕ್ಕಮ್ಮನಿಗೆ ಸೈರನ್ ಕೇಳಿಸಿತು. ಓಡಲು ಒಂದು ಜಾಗ ಇತ್ತು. ಸಿಕ್ಕಿದ್ದು ಕೆಲವೇ ಸೆಕೆಂಡು, ಆದರೂ ಸಿಕ್ಕಿತು. ಅಲ್ಲಿಂದ ದಕ್ಷಿಣಕ್ಕೆ ಹತ್ತು ಹದಿನೈದು ಕಿಲೋಮೀಟರ್ ಹೋದರೆ ಗಾಜಾ. ಅಲ್ಲಿ ಸೈರನ್ ಇಲ್ಲ. ಬಾಂಬಿನಿಂದ ಉಳಿಯಲು ಸಾರ್ವಜನಿಕ ಆಶ್ರಯ ತಾಣವೂ ಇಲ್ಲ. ಯಾರದೋ ಅಜ್ಜಿಯನ್ನು ಎತ್ತಿಕೊಂಡ ಹೆಣ್ಣುಮಗಳು ಅಲ್ಲೂ ಇದ್ದಾಳೆ. ಎಲ್ಲಿಗೆ ಓಡಬೇಕು? 2023ರ ಅಕ್ಟೋಬರ್ 13ರಂದು ಉತ್ತರ ಗಾಜಾದ ಸುಮಾರು 11 ಲಕ್ಷ ಜನ 24 ಗಂಟೆಯೊಳಗೆ ದಕ್ಷಿಣಕ್ಕೆ ಹೋಗಬೇಕು ಅಂತ ಇಸ್ರೇಲ್ ಸೇನೆ ಹೇಳಿತು. ಲಕ್ಷಗಟ್ಟಲೆ ಜನ ಹೋದರು. ಆಮೇಲೆ ದಕ್ಷಿಣದ ಖಾನ್ ಯೂನಿಸ್‌ನಿಂದ ಇನ್ನೂ ಕೆಳಗಿನ ರಫಾಕ್ಕೆ ಹೋಗಿ ಅಂದರು. 2024ರ ಮೇನಲ್ಲಿ ರಫಾದಿಂದಲೂ ಎಬ್ಬಿಸಿದರು. ಬರಿಗಾಲಿನ ಆ ಅಜ್ಜಿಯನ್ನು ಮೊದಲು ಕಣ್ಣಿಗೆ ತಂದುಕೊಂಡ ಓದುಗನಿಗೆ ಈ ಸಾಲುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಒಂದು ವಿಷಯ ಇದೆ. ನಿಮಗೆ ಗೊತ್ತಿದೆಯೋ ಇಲ್ಲವೋ. ಚಿಕ್ಕಮ್ಮ ಇರುವ ಊರಿನ ಜಾಗದಲ್ಲಿ 1948ರವರೆಗೆ ಅಲ್-ಮಜ್ದಲ್ ಎಂಬ ಅರಬರ ಊರು ಇತ್ತು. ನೇಕಾರರ ಊರು. ಅಲ್ಲಿನ ಮಗ್ಗದ ಬಟ್ಟೆಗೆ ದೊಡ್ಡ ಹೆಸರು. ಇಸ್ರೇಲ್ ಹುಟ್ಟಿದ ಆ ವರ್ಷದ ಯುದ್ಧದಲ್ಲಿ ಬಹುಪಾಲು ಜನ ಗಾಜಾಕ್ಕೆ ಓಡಿದರು. ಉಳಿದವರಲ್ಲೂ ಹೆಚ್ಚಿನವರನ್ನು 1950ರ ಹೊತ್ತಿಗೆ ಗಾಜಾಕ್ಕೆ ಕಳಿಸಲಾಯಿತು. ನೇಕಾರರು ಕಸುಬನ್ನೂ ಜೊತೆಗೆ ಒಯ್ದರು. ಮಜ್ದಲಿನ ಬಟ್ಟೆಯನ್ನು ಗಾಜಾದಲ್ಲಿ ನೇಯ್ದರು. ಗಾಜಾದಲ್ಲಿರುವ ಹತ್ತರಲ್ಲಿ ಏಳು ಜನ ಹೀಗೆ 1948ರಲ್ಲಿ ಎಲ್ಲಿಂದಲೋ ಬಂದವರು, ಇಲ್ಲವೇ ಬಂದವರ ಮಕ್ಕಳು ಮೊಮ್ಮಕ್ಕಳು. ಬಿಟ್ಟುಬಂದ ಮನೆಯ ಬೀಗದ ಕೈಯನ್ನು ಇವತ್ತಿಗೂ ಇಟ್ಟುಕೊಂಡಿರುವ ಕುಟುಂಬಗಳಿವೆ. ಆ ಸ್ಥಳಾಂತರವನ್ನು ಅವರು ‘ನಕ್ಬಾ’ ಅನ್ನುತ್ತಾರೆ, ಮಹಾವಿಪತ್ತು ಅಂತ ಅರ್ಥ. ನೀವು ಈ ಪದವನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಉಡುಪಿ ಸೀರೆಯ ಮಗ್ಗದ ಸದ್ದು ಕೇಳಿ ಬೆಳೆದವರು ನೀವು. ಈ ಮಗ್ಗದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬಹುದಿತ್ತು, ಅಲ್ವಾ?

ಊರಿನ ಅಳತೆಯನ್ನೂ ಹಾಗೆಯೇ ಹತ್ತಿರ ತನ್ನಿ. ‘365 ಚದರ ಕಿ.ಮೀ.’ ಅಂತ ಬರೆದು ಬಿಟ್ಟಿದ್ದೀರಿ. ಗಾಜಾದ ಉದ್ದ ಸುಮಾರು 41 ಕಿಲೋಮೀಟರ್, ಉಡುಪಿಯಿಂದ ಕುಂದಾಪುರಕ್ಕೆ ಹೋದಷ್ಟು ಹೆಚ್ಚುಕಡಿಮೆ. ಪಶ್ಚಿಮಕ್ಕೆ ಕಡಲು, ನಿಮ್ಮಲ್ಲಿ ಇರುವ ಹಾಗೆಯೇ. ಅಷ್ಟರಲ್ಲಿ 20 ಲಕ್ಷಕ್ಕೂ ಜಾಸ್ತಿ ಜನ, ಅವರಲ್ಲಿ ಅರ್ಧದ ಹತ್ತಿರ ಮಕ್ಕಳು. ಯುದ್ಧಕ್ಕೆ ಮೊದಲೂ ಅಲ್ಲಿನ ಮೀನುಗಾರ ಕಡಲಿಗೆ ತನಗೆ ಬೇಕಾದಷ್ಟು ದೂರ ಹೋಗುವ ಹಾಗಿರಲಿಲ್ಲ. ಇಸ್ರೇಲ್ ಮತ್ತು ಪ್ಯಾಲೆಸ್ತೀನಿಯರ ನಡುವಿನ ಓಸ್ಲೊ ಒಪ್ಪಂದದಲ್ಲಿ 20 ನಾಟಿಕಲ್ ಮೈಲು ಅಂತ ಇತ್ತು. ವರ್ಷಗಟ್ಟಲೆ ಇಸ್ರೇಲ್ ಅದನ್ನು 6ಕ್ಕೆ, ಕೆಲವು ಸಲ 3ಕ್ಕೆ ಇಳಿಸಿತು. ಮಲ್ಪೆಯ ಬಂದರಿನಲ್ಲಿ ಯಾರಿಗಾದರೂ ಇದನ್ನು ಹೇಳಿ ನೋಡಿ. ದಿಗ್ಬಂಧನ ಅಂದರೆ ಏನು ಅಂತ ಅವರಿಗೆ ಒಂದೇ ಮಾತಿನಲ್ಲಿ ತಿಳಿಯುತ್ತದೆ.

ಮಕ್ಕಳ ಬಗ್ಗೆ. ಗಾಜಾದ ಆಸ್ಪತ್ರೆಗಳಲ್ಲಿ ವೈದ್ಯರು ಐದು ಇಂಗ್ಲಿಷ್ ಅಕ್ಷರ ಬರೆದುಕೊಳ್ಳಲು ಶುರುಮಾಡಿದರು: ಡಬ್ಲ್ಯು, ಸಿ, ಎನ್, ಎಸ್, ಎಫ್. ‘ಗಾಯಗೊಂಡ ಮಗು, ಮನೆಯವರು ಯಾರೂ ಉಳಿದಿಲ್ಲ’ ಅಂತ ಅರ್ಥ. ಅಂಥ ಮಕ್ಕಳು ಎಷ್ಟು ಬಂದಿರಬೇಕು, ಪೂರ್ತಿ ಬರೆಯಲು ಸಮಯವಿಲ್ಲದೆ ಅಕ್ಷರಕ್ಕೆ ಇಳಿಸಿಕೊಳ್ಳಬೇಕಾದರೆ! ಯುದ್ಧದ ಮೊದಲ ವಾರಗಳಲ್ಲಿ ಕೆಲವು ತಂದೆತಾಯಂದಿರು ಮಕ್ಕಳ ಕೈಕಾಲ ಮೇಲೆ ಪೆನ್ನಿನಲ್ಲಿ ಹೆಸರು ಬರೆದರು. ಸತ್ತರೆ ಗುರುತು ಸಿಗಲಿ ಅಂತ. ನಿಮ್ಮ ಆರೂ ‘ಮುಗ್ಧ ಕಂದಮ್ಮ’ಗಳನ್ನು ಹೊಡೆದುಹಾಕಿ, ಆ ಜಾಗದಲ್ಲಿ ಇವೆರಡನ್ನು ಇಡಿ. ವಿಶೇಷಣ ಏನೂ ಬೇಡ.

ಹಸಿವಿನ ಭಾಗಕ್ಕೂ ಇದೇ ಮಾತು. ‘ಅನ್ನಕ್ಕಾಗಿ ಹಾಹಾಕಾರ’ ಅಂತ ಬರೆದಿದ್ದೀರಿ. ಅಲ್ಲಿನವರ ದಿನದ ಊಟ ರೊಟ್ಟಿ, ಅದಕ್ಕೆ ಗೋಧಿ ಹಿಟ್ಟು ಬೇಕು. 2024ರ ಆರಂಭದಲ್ಲಿ ಉತ್ತರ ಗಾಜಾದಲ್ಲಿ ಹಿಟ್ಟು ಮುಗಿದಾಗ ಜನ ದನಕರುಗಳ ಮೇವಿನ ಕಾಳನ್ನು ಬೀಸಿ ರೊಟ್ಟಿ ತಟ್ಟಿದರು. ಪಾಳು ಜಾಗದಲ್ಲಿ ತಾನಾಗಿ ಬೆಳೆಯುವ ‘ಖುಬ್ಬೈಜಾ’ ಎಂಬ ಸೊಪ್ಪು ಕೊಯ್ದು ಬೇಯಿಸಿದರು. ಗ್ಯಾಸ್ ಇಲ್ಲದ ಕಡೆ ಮಣ್ಣಿನ ಒಲೆಗೆ ರಟ್ಟು, ಮುರಿದ ಬಾಗಿಲು, ಪ್ಲಾಸ್ಟಿಕ್ಕನ್ನೂ ಹಾಕಿದರು. ಪ್ಲಾಸ್ಟಿಕ್ ಹೊಗೆಯಲ್ಲಿ ರೊಟ್ಟಿ ಸುಡುವ ಹೆಂಗಸಿನ ಕೆಮ್ಮನ್ನು ನೀವು ಕೇಳಿಸಿಕೊಳ್ಳಬೇಕು, ನನಗೂ ಕೇಳಿಸಬೇಕು. ಆ ಫೆಬ್ರವರಿ 29ರ ಬೆಳಗಿನ ಜಾವ ಗಾಜಾ ನಗರದ ಅಲ್-ರಶೀದ್ ರಸ್ತೆಯಲ್ಲಿ ಹಿಟ್ಟಿನ ಲಾರಿಗೆ ಕಾಯುತ್ತಿದ್ದವರಲ್ಲಿ ನೂರಕ್ಕೂ ಜಾಸ್ತಿ ಜನ ಸತ್ತರು. ನೂಕುನುಗ್ಗಲಿನಲ್ಲಿ ಜಾಸ್ತಿ ಜನ ಸತ್ತರು ಅಂತ ಇಸ್ರೇಲ್ ಸೇನೆ ಹೇಳಿತು. ಗಾಯಾಳುಗಳನ್ನು ನೋಡಲು ಆಸ್ಪತ್ರೆಗೆ ಹೋದ ವಿಶ್ವಸಂಸ್ಥೆಯ ತಂಡ ಎಷ್ಟೋ ಮೈಗಳಲ್ಲಿ ಗುಂಡಿನ ಗಾಯ ಕಂಡಿತು. ಎರಡನ್ನೂ ಬರೆಯಿರಿ. 2025ರ ಆಗಸ್ಟ್ 22ರಂದು ಹಸಿವನ್ನು ಅಳೆಯುವ ಅಂತರರಾಷ್ಟ್ರೀಯ ವ್ಯವಸ್ಥೆ ಐ.ಪಿ.ಸಿ., ಗಾಜಾ ನಗರದ ಭಾಗದಲ್ಲಿ ಕ್ಷಾಮ ಇದೆ ಅಂತ ಘೋಷಿಸಿತು. ಇಸ್ರೇಲ್ ಅದನ್ನು ಒಪ್ಪಲಿಲ್ಲ.

ಈಗ ನನಗೆ ಜಾಸ್ತಿ ತಕರಾರು ಇರುವ ಸಾಲು: ‘ಜಗತ್ತು ಮೌನವಾಗಿದೆ, ಭಾರತವೂ ಸುಮ್ಮನಿದೆ.’

ಇದು ತಪ್ಪು. ಜಗತ್ತು ಬೇಕಾದಷ್ಟು ಮಾತಾಡಿದೆ. 2022ರ ಅಕ್ಟೋಬರ್‌ನಲ್ಲಿ ಉಕ್ರೇನಿನ ವಿದ್ಯುತ್ ವ್ಯವಸ್ಥೆಯ ಮೇಲೆ ರಷ್ಯಾ ದಾಳಿ ಮಾಡಿದಾಗ, ಐರೋಪ್ಯ ಒಕ್ಕೂಟದ ಆಯೋಗದ ಅಧ್ಯಕ್ಷೆ ಉರ್ಸುಲಾ ವಾನ್ ಡೆರ್ ಲೆಯೆನ್ ಅದನ್ನು ಯುದ್ಧಾಪರಾಧ ಅಂದರು. ಒಂದು ವರ್ಷ ಕಳೆದು, 2023ರ ಅಕ್ಟೋಬರ್ 9ರಂದು, ಇಸ್ರೇಲಿನ ರಕ್ಷಣಾ ಸಚಿವ ಯೋವ್ ಗ್ಯಾಲಂಟ್ ಗಾಜಾಕ್ಕೆ ವಿದ್ಯುತ್ ಇಲ್ಲ, ಆಹಾರ ಇಲ್ಲ, ಇಂಧನ ಇಲ್ಲ ಅಂತ ಘೋಷಿಸಿದರು. ಎರಡೇ ದಿನದಲ್ಲಿ ಗಾಜಾದ ಒಂದೇ ಒಂದು ವಿದ್ಯುತ್ ಸ್ಥಾವರ ಇಂಧನವಿಲ್ಲದೆ ನಿಂತಿತು. ಆಗ ಆ ಅಧ್ಯಕ್ಷೆಯ ಬಾಯಿಂದ ಆ ಪದ ಬರಲಿಲ್ಲ. ಅದೇ ಒಕ್ಕೂಟದ ವಿದೇಶಾಂಗ ಮುಖ್ಯಸ್ಥ ಜೋಸೆಪ್ ಬೊರೆಲ್, ನೀರು ವಿದ್ಯುತ್ ಕಡಿದುಹಾಕುವುದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧ ಅಂದರು. ಒಂದೇ ಮನೆಯಲ್ಲಿ ಎರಡು ಮಾತು. ‘ಇಬ್ಬಗೆ ನೀತಿ’ ಅಂತ ನೀವು ಬೈಯುವುದಕ್ಕಿಂತ ಈ ಎರಡು ತಾರೀಖನ್ನು ಅಕ್ಕಪಕ್ಕ ಇಟ್ಟರೆ ಸಾಕು.

ಭಾರತದ ಲೆಕ್ಕವೂ ಅಷ್ಟು ಸರಳವಾಗಿಲ್ಲ. 2023ರ ಅಕ್ಟೋಬರ್ 27ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಮಾನವೀಯ ಕದನ ವಿರಾಮದ ನಿರ್ಣಯಕ್ಕೆ 121 ದೇಶ ಹೌದು ಅಂದವು, 14 ಬೇಡ ಅಂದವು, 44 ದೂರ ಉಳಿದವು. ದೂರ ಉಳಿದವರಲ್ಲಿ ನಾವೂ ಇದ್ದೆವು. ಹಮಾಸ್ ದಾಳಿಯನ್ನು ಹೆಸರು ಹಿಡಿದು ಖಂಡಿಸುವ ತಿದ್ದುಪಡಿಗೆ ಭಾರತ ಬೆಂಬಲ ಕೊಟ್ಟಿತ್ತು, ಅದು ಬಿದ್ದುಹೋಯಿತು. ಡಿಸೆಂಬರ್ 12ರಂದು ಕದನ ವಿರಾಮಕ್ಕೆ 153 ಮತ ಬಿದ್ದಾಗ ಭಾರತವೂ ಹೌದು ಅಂತು. 2025ರ ಜೂನ್‌ನಲ್ಲಿ 149 ದೇಶ ಹೌದು ಅಂದಾಗ ಮತ್ತೆ ದೂರ ನಿಂತಿತು. ಸೆಪ್ಟೆಂಬರ್‌ನಲ್ಲಿ ಎರಡು ರಾಷ್ಟ್ರಗಳ ಪರಿಹಾರದ, ಅಂದರೆ ಇಸ್ರೇಲ್ ಪಕ್ಕದಲ್ಲಿ ಪ್ಯಾಲೆಸ್ತೀನೂ ಒಂದು ದೇಶ ಆಗಲಿ ಅನ್ನುವ ಘೋಷಣೆಗೆ ಹೌದು. 1947ರಲ್ಲಿ ಪ್ಯಾಲೆಸ್ತೀನಿನ ವಿಭಜನೆಯ ವಿರುದ್ಧ ಮತ ಹಾಕಿದ, 1988ರಲ್ಲಿ ಪ್ಯಾಲೆಸ್ತೀನನ್ನು ಮಾನ್ಯ ಮಾಡಿದ ದೇಶ ಇದು. 1992ರಲ್ಲಿ ಇಸ್ರೇಲ್ ಜೊತೆ ಪೂರ್ಣ ರಾಜತಾಂತ್ರಿಕ ಸಂಬಂಧ ಬೆಳೆಸಿದ್ದೂ ಇದೇ ದೇಶ. ನಾವು ತೂಗುಯ್ಯಾಲೆಯಲ್ಲಿದ್ದೇವೆ, ಯಾಕೆ ಅಂತ ಬರೆಯಿರಿ. ‘ಸುಮ್ಮನಿದೆ’ ಅನ್ನುವುದರಲ್ಲಿ ಇದು ಯಾವುದೂ ಸಿಗುವುದಿಲ್ಲ.

ಅಮೆರಿಕ 2025ರ ಸೆಪ್ಟೆಂಬರ್ ಹೊತ್ತಿಗೆ ಭದ್ರತಾ ಮಂಡಳಿಯಲ್ಲಿ ಗಾಜಾ ಯುದ್ಧದ ಕುರಿತ ನಿರ್ಣಯಗಳಿಗೆ ಆರು ಸಲ ವೀಟೊ ಹಾಕಿತ್ತು. ಆರನೆಯ ಸಲ ಉಳಿದ ಹದಿನಾಲ್ಕೂ ಸದಸ್ಯರು ಒಂದು ಕಡೆ, ಅದೊಂದೇ ಇನ್ನೊಂದು ಕಡೆ. ಅದೇ ವಾರ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಪ್ಯಾಲೆಸ್ತೀನನ್ನು ಮಾನ್ಯ ಮಾಡಿದವು. ಅಮೆರಿಕಕ್ಕೆ ಆಪ್ತರೇ ಅವರು. ನಿಮ್ಮ ಲೇಖನದಲ್ಲಿ ‘ಪಾಶ್ಚಾತ್ಯರು’ ಒಂದೇ ಮುದ್ದೆ ಆಗಿಬಿಟ್ಟಿದ್ದಾರೆ. ದಯವಿಟ್ಟು ಬಿಡಿಸಿ.

‘ನರಮೇಧ’ ಎಂಬ ಪದದ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ದೀರಿ. ಬಳಸಬೇಡಿ ಅಂತ ನಾನು ಹೇಳುವುದಿಲ್ಲ. ಯಾರು, ಯಾವಾಗ ಹೇಳಿದರು ಅಂತ ಜೊತೆಗೆ ಹೇಳಿ. ದಕ್ಷಿಣ ಆಫ್ರಿಕಾ 2023ರ ಡಿಸೆಂಬರ್ 29ರಂದು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2024ರ ಜನವರಿ 26ರಂದು ಬಂದದ್ದು ತಾತ್ಕಾಲಿಕ ಆದೇಶ, ಅಂತಿಮ ತೀರ್ಪಲ್ಲ. 2025ರ ಸೆಪ್ಟೆಂಬರ್ 16ರಂದು ವಿಶ್ವಸಂಸ್ಥೆಯ ಸ್ವತಂತ್ರ ತನಿಖಾ ಆಯೋಗ ನಡೆದದ್ದು ನರಮೇಧ ಅಂದಿತು, ಇಸ್ರೇಲ್ ತಳ್ಳಿಹಾಕಿತು. ಸತ್ತವರ ಲೆಕ್ಕಕ್ಕೂ ಇದೇ ಶಿಸ್ತು ಇರಲಿ. 2025ರ ಅಕ್ಟೋಬರ್ 10ರಂದು ಕದನ ವಿರಾಮ ಬಂದಾಗ ಗಾಜಾ ಆರೋಗ್ಯ ಇಲಾಖೆಯ ಲೆಕ್ಕ 67,000 ದಾಟಿತ್ತು. ಅದರಲ್ಲಿ ಹೋರಾಟಗಾರರು ಯಾರು, ಸಾಮಾನ್ಯರು ಯಾರು ಅಂತ ಬೇರೆ ಮಾಡಿಲ್ಲ. ಅದನ್ನೂ ಹೇಳಿ.

ಇಷ್ಟು ಹಟ ಯಾಕೆ ಅಂದರೆ, ನಾನೇ ಒಮ್ಮೆ ತಪ್ಪು ಮಾಡಿದ್ದೇನೆ. ಯುದ್ಧ ಶುರುವಾದ ತಿಂಗಳು ನಮ್ಮ ಪತ್ರಿಕೆಯಲ್ಲಿ ಧೂಳು ಮೆತ್ತಿದ ಮುಖದ ಹುಡುಗನ ಫೋಟೊ ಹಾಕಿದೆ, ಗಾಜಾದ್ದು ಅಂತ. ಅದು ಸಿರಿಯಾದ ಹಳೆಯ ಫೋಟೊ. ಒಬ್ಬ ಓದುಗರು ಪತ್ರ ಬರೆದರು: ‘ಹಾಗಾದರೆ ಉಳಿದದ್ದೂ ಸುಳ್ಳೇ ಇರಬೇಕು.’ ಗಾಜಾದಲ್ಲಿ ಆ ವಾರ ನಿಜವಾಗಿ ಸತ್ತ ಮಕ್ಕಳನ್ನು ನಂಬದಿರಲು ನಾನೇ ಅವರ ಕೈಗೆ ಒಂದು ಕಾರಣ ಕೊಟ್ಟಿದ್ದೆ. ಆ ಪತ್ರ ನನ್ನ ಮೇಜಿನ ಖಾನೆಯಲ್ಲಿ ಈಗಲೂ ಇದೆ. ನೀವು 2023ರ ಅಕ್ಟೋಬರ್‌ನಲ್ಲಿ ಗಾಜಾ ನಗರದ ಅಲ್-ಅಹ್ಲಿ ಆಸ್ಪತ್ರೆಯಲ್ಲಿ ಆದ ಸ್ಫೋಟವನ್ನು ಇಸ್ರೇಲಿನ ದಾಳಿ ಅಂತ ಖಡಾಖಂಡಿತವಾಗಿ ಬರೆದಿದ್ದೀರಿ. ಗಾಜಾದ ಅಧಿಕಾರಿಗಳು ಹಾಗೆ ಹೇಳಿದರು. ಪ್ಯಾಲೆಸ್ತೀನಿ ಗುಂಪಿನ ರಾಕೆಟ್ ದಾರಿ ತಪ್ಪಿ ಬಿತ್ತು ಅಂತ ಇಸ್ರೇಲ್ ಹೇಳಿತು. ಹೊರಗಿನ ಕೆಲವು ಪರಿಶೀಲನೆಗಳೂ ರಾಕೆಟ್ ಕಡೆಗೇ ವಾಲಿದವು. ಆ ಪ್ಯಾರಾ ಬದಲಾಗಲೇಬೇಕು.

ಅಕ್ಟೋಬರ್ 7ನ್ನು ಅರ್ಧ ಸಾಲಿನಲ್ಲಿ, ‘ಹಮಾಸ್ ಪ್ರತಿರೋಧದ ನಂತರ’ ಅಂತ ದಾಟಿಸಿದ್ದೀರಿ. ಆ ದಿನ ಸುಮಾರು 1,200 ಜನ ಸತ್ತರು, ಬಹುಪಾಲು ಸಾಮಾನ್ಯ ಜನ. 251 ಜನರನ್ನು ಒತ್ತೆಯಾಳಾಗಿ ಒಯ್ದರು. ನೀರ್ ಓಜ್ ಎಂಬ ಸಣ್ಣ ಕಿಬ್ಬುಟ್ಸ್‌ನಲ್ಲಿ, ಅಂದರೆ ಸಹಕಾರಿ ಹಳ್ಳಿಯಲ್ಲಿ, ನಾಲ್ವರಲ್ಲಿ ಒಬ್ಬರು ಸತ್ತರು ಇಲ್ಲವೇ ಸೆರೆಯಾದರು. ಒತ್ತೆಯಾಳುಗಳ ಮನೆಯವರೇ ಟೆಲ್ ಅವೀವ್‌ನಲ್ಲಿ ತಿಂಗಳುಗಟ್ಟಲೆ ಬೀದಿಗಿಳಿದು, ಯುದ್ಧ ನಿಲ್ಲಿಸಿ ಒಪ್ಪಂದ ಮಾಡಿ ಅಂತ ತಮ್ಮ ಸರ್ಕಾರವನ್ನೇ ಕೇಳಿದರು. ಇದನ್ನು ಬರೆದರೆ ಗಾಜಾದ ತಾಯಿಯ ದುಃಖ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ಚಿಕ್ಕಮ್ಮನ ಮಾತನ್ನು ಚೀಟಿಯಲ್ಲಿ ಅಡಗಿಸಿದ ಕೈಯೇ ಇದನ್ನೂ ಅಡಗಿಸಿದೆ ಅಂತ ನನಗೆ ಅನಿಸುತ್ತದೆ.

ಈಗ ಇಸ್ರೇಲಿನಲ್ಲಿರುವ ಹೈಫಾದಲ್ಲಿ 1918ರ ಸೆಪ್ಟೆಂಬರ್ 23ರಂದು ಕಾದಿದ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯ ಬಗ್ಗೆ ಎರಡು ಪುಟ ಇದೆ. ಚೆನ್ನಾಗಿದೆ, ಆದರೆ ಇಲ್ಲಿ ಬೇಡ. ತೆಗೆದಿಡಿ, ಅದನ್ನು ಬೇರೆಯಾಗಿ ಕಳಿಸಿದರೆ ಖಂಡಿತ ಓದುತ್ತೇನೆ. ಕೊನೆಯ ಪುಟದ ಕವಿತೆಯನ್ನೂ ಬಿಡಿ.

ಲೇಖನ ಆರು ಪುಟ ಮೀರದಿರಲಿ. ಮುಂದಿನ ತಿಂಗಳ 10ರೊಳಗೆ ಸಿಕ್ಕರೆ ಆ ಸಂಚಿಕೆಗೇ ಜಾಗ ಇಟ್ಟಿರುತ್ತೇನೆ. ಬರೆಯಲು ಕೂರುವ ಮೊದಲು ಚಿಕ್ಕಮ್ಮನಿಗೆ ಒಂದು ಫೋನ್ ಮಾಡಿ. ಅವರ ಹೆಸರು ಹಾಕುವುದು ಬೇಡ, ಆದರೆ ಅವರನ್ನು ಕೇಳದೆ ಅವರ ಮಾತನ್ನು ಅಚ್ಚು ಮಾಡುವುದೂ ಬೇಡ. ಅಶ್ಕೆಲಾನ್‌ನಲ್ಲಿ ಮಜ್ದಲಿನ ಹಳೆಯ ಕಟ್ಟಡ ಏನಾದರೂ ಅವರ ಕಣ್ಣಿಗೆ ಬಿದ್ದಿದೆಯಾ ಅಂತ ಕೇಳಿ. ಗಾಜಾದ ಕಡೆಯಿಂದ ಬಾಂಬಿನ ಸದ್ದು ಅವರಿದ್ದಲ್ಲಿಗೆ ಕೇಳಿಸುತ್ತಿತ್ತಾ, ರಾತ್ರಿ ನಿದ್ದೆ ಬರುತ್ತಿತ್ತಾ, ಅದನ್ನೂ ಕೇಳಿ. ಆ ಅಜ್ಜಿ ಈಗ ಹೇಗಿದ್ದಾರೆ?

ನಿಮ್ಮ,
ಸಂಪಾದಕ