ಸೇನೆಯಲ್ಲಿರುವ ಮಗಳ ದೂರಿನ ಬಗ್ಗೆ
ಮೇಡಂ, ಅಮೆರಿಕ ಸೇನೆಯಲ್ಲಿರುವ ನಿಮ್ಮ ಮಗಳು ಸ್ಟೋರ್ ಕಳ್ಳತನದ ದೂರು ಕೊಟ್ಟ ಮೇಲೆ ಅವಳ ಕೆಲಸದ ವರದಿ ಹಾಳು ಮಾಡಿದ್ದಾರೆ, ಯಾರ ಹತ್ತಿರ ಹೋಗಬೇಕು ಅಂತ ಕೇಳಿದ್ದೀರಿ. ಇನ್‌ಸ್ಪೆಕ್ಟರ್ ಜನರಲ್ (ಪೊಲೀಸ್ ಅಲ್ಲ, ಸೇನೆಯೊಳಗಿನ ದೂರುಗಳನ್ನು ವಿಚಾರಿಸುವ ಅಧಿಕಾರಿ) ಹತ್ತಿರ, ತಡ ಮಾಡದೆ. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳಬಾರದು ಅಂತ 1988ರಿಂದಲೇ ಅಲ್ಲಿ ಕಾನೂನಿದೆ. ಸೇಡಿನ ಕ್ರಮ ಗೊತ್ತಾದ ದಿನದಿಂದ ಒಂದು ವರ್ಷದೊಳಗೆ ದೂರು ಕೊಡಬೇಕು. 2019ರ ಜನವರಿಯಿಂದ ಇಂಥ ಸೇಡು ಅಲ್ಲಿನ ಸೈನಿಕ ಕಾನೂನಿನ 132ನೇ ವಿಧಿಯಡಿ ಅಪರಾಧವೇ.

ತಾರೀಖುಗಳು ತುಂಬಾ ಮುಖ್ಯ. ದೂರಿಗೆ ಮುಂಚಿನ ಒಳ್ಳೆಯ ವರದಿ, ಆಮೇಲಿನ ಕೆಟ್ಟ ವರದಿ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಲಿ. ಯಾರು ಏನಂದರು ಅನ್ನೋದನ್ನ ಅವತ್ತವತ್ತೇ ನೋಟ್‌ಬುಕ್ಕಲ್ಲಿ ಬರೆದಿಡಲಿ. ವರದಿ ತಿದ್ದಿಸೋಕೆ ಸೇನೆಯ ದಾಖಲೆ ತಿದ್ದುಪಡಿ ಮಂಡಳಿ ಬೇರೆ ಇದೆ.

ರಾತ್ರಿ ಫೋನಲ್ಲಿ ಅವಳು ಅತ್ತಾಗ "ದೂರು ವಾಪಸ್ ತಗೋ" ಅಂತ ಮಾತ್ರ ಹೇಳಬೇಡಿ, ದಯವಿಟ್ಟು.