ಓದುಗರ ಪ್ರಶ್ನೆಗಳು: ಪ್ವೆಬ್ಲೊ ಜನರ ಮದುವೆ ಹೂಜಿ

ಪ್ರಶ್ನೆ: ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಸಾಂತಾ ಫೆ ನಗರದಲ್ಲಿ ಎರಡು ಕೊರಳುಗಳಿದ್ದು, ಅವುಗಳ ನಡುವೆ ಕಮಾನಿನಂತೆ ಹಿಡಿಯಿರುವ ಮಣ್ಣಿನ ಹೂಜಿಗಳನ್ನು ಕಂಡೆವು. ವಧು ಒಂದು ಬಾಯಿಂದಲೂ ವರ ಇನ್ನೊಂದು ಬಾಯಿಂದಲೂ ನೀರು ಕುಡಿಯುತ್ತಾರೆಂದು ಪಕ್ಕದ ಚೀಟಿಯಲ್ಲಿ ಬರೆದಿತ್ತು. ಇದು ನಿಜವಾದ ಪದ್ಧತಿಯೇ, ಪ್ರವಾಸಿಗರಿಗಾಗಿ ಕಟ್ಟಿದ ಕಥೆಯೇ?

ಉತ್ತರ: ಪದ್ಧತಿ ನಿಜ. ಆದರೆ ಚೀಟಿಯಲ್ಲಿ ಇರುವುದು ಅದರ ಕೊನೆಯ ತುಣುಕು ಮಾತ್ರ. ರಿಯೊ ಗ್ರಾಂಡೆ ನದಿಯ ಬದಿಯಲ್ಲಿರುವ ಸಾಂತಾ ಕ್ಲಾರಾ ಪ್ವೆಬ್ಲೊದ (ಪ್ವೆಬ್ಲೊ ಎಂದರೆ ಅಲ್ಲಿಯ ಮೂಲನಿವಾಸಿಗಳ ಊರು; ಆ ಜನರಿಗೂ ಅದೇ ಹೆಸರು) ಕುಂಬಾರತಿ ತೆರೆಸಿಟಾ ನರಾನ್ಹೊ ತಮ್ಮ ಊರಿನ ಕ್ರಮವನ್ನು ವಿವರವಾಗಿ ಹೇಳಿದ್ದಾರೆ. ಹುಡುಗ ಮೊದಲು ತನ್ನ ಬಂಧುಗಳನ್ನೆಲ್ಲ ಸೇರಿಸಿ ಇಂಥ ಹುಡುಗಿಯನ್ನು ಮದುವೆಯಾಗಬೇಕೆಂದಿದ್ದೇನೆ ಎಂದು ತಿಳಿಸಬೇಕು. ಅವರು ಒಪ್ಪಿದರೆ ಮನೆತನದ ಇಬ್ಬರು ಮೂವರು ಹಿರಿಯರು ಹುಡುಗಿಯ ಮನೆಗೆ ಹೋಗಿ ಪ್ರಾರ್ಥನೆ ಸಲ್ಲಿಸಿ ಬಂದ ಕಾರಣವನ್ನು ಹೇಳುತ್ತಾರೆ. ಹೆಣ್ಣಿನವರು ಅಲ್ಲಿಯೇ ಉತ್ತರ ಕೊಡುವುದಿಲ್ಲ. ಸುಮಾರು ಒಂದು ವಾರದ ಬಳಿಕ ತಮ್ಮ ಬಂಧುಗಳ ಸಭೆ ಸೇರಿಸಿ, ಒಪ್ಪಿಗೆಯಾದರೆ ಮಾತ್ರ, ಹುಡುಗ ಯಾವ ದಿನ ಬರಬಹುದೆಂದು ತಮ್ಮ ಹಿರಿಯರ ಮೂಲಕ ಹೇಳಿ ಕಳುಹಿಸುತ್ತಾರೆ.

ಹೂಜಿಯ ಕೆಲಸ ಶುರುವಾಗುವುದು ಆ ಮೇಲೆ. ಹುಡುಗ ಒಬ್ಬ ಧರ್ಮತಾಯಿಯನ್ನೂ ಒಬ್ಬ ಧರ್ಮತಂದೆಯನ್ನೂ ಆರಿಸಿಕೊಳ್ಳುತ್ತಾನೆ. ಗೊತ್ತುಪಡಿಸಿದ ದಿನದೊಳಗೆ ಹೂಜಿಯನ್ನು ಮಾಡಿ ಮುಗಿಸುವುದು ಆ ಧರ್ಮತಾಯಿಯ ಹೊಣೆ. ಪವಿತ್ರವೆಂದು ಇಟ್ಟುಕೊಂಡಿರುವ ಕಲ್ಲುಗಳನ್ನು ಅದ್ದಿದ ನೀರನ್ನು ಅದರಲ್ಲಿ ತುಂಬುತ್ತಾರೆ. ಗಂಡಿನವರ ಮೆರವಣಿಗೆ ಬಂದಾಗ ವರ ಎಲ್ಲರಿಗಿಂತ ಹಿಂದೆ ಇರುತ್ತಾನೆ, ಮತ್ತು ತನ್ನ ಕಡೆಯವರು ತಂದ ಉಡುಗೊರೆಗಳನ್ನು ವಧು ಬಿಚ್ಚಿ ಸ್ವೀಕರಿಸುವವರೆಗೆ ಬಾಗಿಲಲ್ಲಿಯೇ ನಿಂತಿರಬೇಕಾಗುತ್ತದೆ. ಅನಂತರ ಇಬ್ಬರೂ ಕೋಣೆಯ ನಡುವೆ ಮಂಡಿಯೂರುತ್ತಾರೆ; ಹಿರಿಯರ ಪ್ರಾರ್ಥನೆಯೊಂದಿಗೆ ಅವರ ಕೊರಳ ಹಾರಗಳು ಅದಲುಬದಲಾಗುತ್ತವೆ; ಆಗ ಧರ್ಮತಾಯಿ ಹೂಜಿಯನ್ನು ಅವರ ಮುಂದಿಡುತ್ತಾಳೆ. ವಧುವರರು ಕುಡಿದ ಮೇಲೆ ಅದು ಕೋಣೆಯಲ್ಲಿರುವ ಎಲ್ಲರ ಕೈಗೂ ಹೋಗುತ್ತದೆ: ಹೆಂಗಸರು ವಧುವಿನ ಕಡೆಯ ಬಾಯಿಂದ, ಗಂಡಸರು ವರನ ಕಡೆಯ ಬಾಯಿಂದ ಕುಡಿಯುತ್ತಾರೆ. ಚರ್ಚಿನ ಮದುವೆಯ ದಿನ ಮನೆಯವರಿಗೆ ಇಷ್ಟವಾದ ಪಾನೀಯವನ್ನು ತುಂಬಿ ಇದನ್ನೇ ಮತ್ತೊಮ್ಮೆ ನಡೆಸಿ, ಕೊನೆಗೆ ಹೂಜಿಯನ್ನು ಶುಭದ ಗುರುತಾಗಿ ದಂಪತಿಗೆ ಕೊಟ್ಟುಬಿಡುತ್ತಾರೆ. ಇಬ್ಬರು ಸೇರಿ ಕುಡಿಯುವುದಕ್ಕಿಂತ ಎರಡು ಮನೆತನಗಳು ಸೇರಿ ಕುಡಿಯುವುದೇ ಇಲ್ಲಿ ಮುಖ್ಯವೆಂದು ನನಗೆ ತೋರುತ್ತದೆ. ಅಂಗಡಿಯ ಚೀಟಿ ಬಿಟ್ಟುಬಿಡುವುದು ಈ ಭಾಗವನ್ನೇ.

ಆದರೆ ಇದು ಸಾಂತಾ ಕ್ಲಾರಾದ ಕ್ರಮ. ನ್ಯೂ ಮೆಕ್ಸಿಕೊದಲ್ಲಿ ಇರುವ 19 ಪ್ವೆಬ್ಲೊಗಳಿಗೂ ಅರಿಜೋನಾದ ಹೋಪಿ ಜನರಿಗೂ ಅವರವರ ಆಚಾರಗಳಿವೆ, ಭಾಷೆಗಳೂ ಬೇರೆಬೇರೆ. ಹೀಗಾಗಿ ಕಂಡ ಜೋಡಿ ಕೊರಳಿನ ಹೂಜಿಗೆಲ್ಲ ಇದೇ ಕಥೆಯನ್ನು ಅಂಟಿಸುವುದು ಸರಿಯಲ್ಲ. ಮಾರಾಟಕ್ಕೆ ಇಡುವ ಹೂಜಿಗಳ ಚರಿತ್ರೆ ಬೇರೆಯೇ ಇದೆ. 1880ರ ಹೊತ್ತಿಗೆ ರೈಲು ಆ ಪ್ರದೇಶವನ್ನು ತಲುಪಿದಾಗ ಲೋಹದ ಪಾತ್ರೆಗಳು ಅಗ್ಗವಾಗಿ ಬಂದು, ಧಾನ್ಯ ಮತ್ತು ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆಗಳ ಅಗತ್ಯ ಕಡಿಮೆಯಾಯಿತು. ಅದೇ ರೈಲಿನಲ್ಲಿ ಬಂದ ಪ್ರವಾಸಿಗರು ಕೈಯಲ್ಲಿ ಹಿಡಿದು ಒಯ್ಯಬಹುದಾದ ಚಂದದ ಪಾತ್ರೆಗಳನ್ನು ಕೇಳತೊಡಗಿದರು. ಹೀಗೆ ಆಚರಣೆಗಾಗಿ ಮಾಡಿದವೂ ಮಾರಾಟಕ್ಕಾಗಿ ಮಾಡಿದವೂ ಒಂದೇ ಕೈಗಳಿಂದ ಬಂದವು. ಮಾರಾಟಕ್ಕೆ ಮಾಡಿದ್ದು ಸುಳ್ಳು ಹೂಜಿ ಎಂದೇನೂ ಆಗುವುದಿಲ್ಲ.

ಪ್ರಶ್ನೆ: ಸಾಂತಾ ಕ್ಲಾರಾದ ಹೂಜಿಗಳ ಕನ್ನಡಿಯಂತೆ ಹೊಳೆಯುವ ಕಪ್ಪು ಯಾವ ಬಣ್ಣದಿಂದ ಬರುತ್ತದೆ? ಎರಡು ಕೊರಳುಗಳನ್ನು ತಿಗರಿಯ ಮೇಲೆ ಹೇಗೆ ಎತ್ತುತ್ತಾರೆ?

ಉತ್ತರ: ಬಣ್ಣವೂ ಇಲ್ಲ, ತಿಗರಿಯೂ ಇಲ್ಲ, ಮೆರುಗೆಣ್ಣೆಯ ಲೇಪವಂತೂ ಇಲ್ಲವೇ ಇಲ್ಲ. ತಮ್ಮ ನೆಲದಲ್ಲಿ ತಾವೇ ಅಗೆದು ತಂದ ಜೇಡಿಮಣ್ಣನ್ನು ನೆನೆಸಿ, ಸೋಸಿ, ಸುಡುವಾಗ ಬಿರಿಯದಿರಲೆಂದು ಅದಕ್ಕೆ ಜ್ವಾಲಾಮುಖಿಯ ನುಣ್ಣನೆಯ ಬೂದಿಯನ್ನು ಬೆರೆಸಿ ತುಳಿಯುತ್ತಾರೆ. ಆಕೊಮಾ ಎಂಬ ಇನ್ನೊಂದು ಪ್ವೆಬ್ಲೊದಲ್ಲಿ ಆ ಬೂದಿಯ ಬದಲಿಗೆ ಹಳೆಯ ಮಡಕೆಚೂರುಗಳನ್ನು ಅರೆದು ಹಾಕುವುದುಂಟು. ಹದವಾದ ಮಣ್ಣನ್ನು ‘ಪುಕಿ’ ಎಂಬ ಆಳವಿಲ್ಲದ ತಟ್ಟೆಯಲ್ಲಿ ಕೂರಿಸಿ, ಹುರಿಯಂತೆ ಹೊಸೆದ ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದು ಸುತ್ತಿ, ಸೋರೆಬುರುಡೆಯ ಚೂರಿನಿಂದ ಒಳಹೊರಗೆ ಸವರಿ ಗೋಡೆ ಎಬ್ಬಿಸುತ್ತಾರೆ.

ಮದುವೆ ಹೂಜಿಯಲ್ಲಿ ಕಷ್ಟವಿರುವುದು ಹೊಟ್ಟೆಯ ಮೇಲೆ. ಎರಡು ಕೊರಳುಗಳು ಒಂದೇ ಎತ್ತರಕ್ಕೆ, ಒಂದೇ ಬಾಗಿಗೆ ಏಳಬೇಕು. ಅವುಗಳನ್ನು ಕೂಡಿಸುವ ಹಿಡಿಯನ್ನು ಮಣ್ಣು ಇನ್ನೂ ಹಸಿಯಿರುವಾಗಲೇ ಬೆಸೆಯಬೇಕು. ಮಣ್ಣು ಒಣಗುತ್ತ ಕುಗ್ಗುತ್ತದೆ; ತೆಳ್ಳನೆಯ ಹಿಡಿ ಬೇಗ ಒಣಗಿ ದಪ್ಪನೆಯ ಹೊಟ್ಟೆ ನಿಧಾನವಾಗಿ ಒಣಗಿದರೆ, ಬೆಸುಗೆಯ ಬುಡದಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಬಿಡುತ್ತದೆ. ಅಂಥ ಬಿರುಕು ಬೆಂಕಿಗೆ ಹೋದ ಮೇಲೆಯೇ ಪೂರ್ತಿ ಬಾಯಿಬಿಡುವುದೂ ಉಂಟು.

ಒಣಗಿದ ಹೂಜಿಯನ್ನು ಉಜ್ಜಿ ನಯಗೊಳಿಸಿ, ಕಬ್ಬಿಣದ ಅಂಶವಿರುವ ಕೆಂಪು ಮಣ್ಣಿನ ತಿಳಿಬಗ್ಗಡವನ್ನು ಬಳಿದು, ಅದು ತೇವವಿರುವಾಗಲೇ ನದಿಯ ನುಣುಪುಗಲ್ಲಿನಿಂದ ತಿಕ್ಕಲು ಕೂರಬೇಕು. ಒಮ್ಮೆ ಹಿಡಿದ ಭಾಗವನ್ನು ನಡುವೆ ಬಿಟ್ಟು ಏಳುವಂತಿಲ್ಲ. ಬಗ್ಗಡ ಒಣಗಿಬಿಟ್ಟರೆ ಗೀರುಗಳು ಉಳಿದು, ಅಲ್ಲಿಯವರೆಗಿನ ಮೆರುಗನ್ನೆಲ್ಲ ಕೆರೆದು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ದುಂಡನೆಯ ಮಡಕೆಗೇ ಇದು ಗಂಟೆಗಟ್ಟಲೆಯ ಕೆಲಸ. ಜೋಡಿ ಕೊರಳಿನ ಸಂದಿಯಲ್ಲಿ ಕಲ್ಲು ಹಿಡಿದ ಬೆರಳುಗಳು ತಿರುಗುವುದಕ್ಕೇ ಜಾಗವಿರುವುದಿಲ್ಲ. ಒಳ್ಳೆಯ ಹೂಜಿಯನ್ನು ಗುರುತಿಸಬೇಕಾದರೆ ಎಲ್ಲರ ಕಣ್ಣಿಗೆ ಬೀಳುವ ಹೊಟ್ಟೆಯನ್ನು ಬಿಟ್ಟು, ಹಿಡಿಯ ಕೆಳಮೈಯನ್ನೂ ಕೊರಳುಗಳ ಒಳಬದಿಯನ್ನೂ ನೋಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಇನ್ನು ಕಪ್ಪು. ಬಯಲಿನಲ್ಲಿ ಕಟ್ಟಿಗೆ ಮತ್ತು ಬೆರಣಿಯ ಬೆಂಕಿಯಲ್ಲಿ ಸುಟ್ಟರೆ ಈ ಹೂಜಿ ಕೆಂಪಾಗಿಯೇ ಹೊರಬರುತ್ತದೆ. ಬೆಂಕಿ ಹದಕ್ಕೆ ಬಂದಾಗ ಪುಡಿಮಾಡಿದ ಕುದುರೆ ಲದ್ದಿಯನ್ನು ಮೇಲೆ ಸುರಿದು ಗಾಳಿಯಾಡದಂತೆ ಮುಚ್ಚಿಬಿಟ್ಟರೆ, ಆಮ್ಲಜನಕ ಸಿಗದೆ ಬಗ್ಗಡದಲ್ಲಿನ ಕೆಂಪು ಕಬ್ಬಿಣದ ಆಕ್ಸೈಡು ಕಪ್ಪು ಆಕ್ಸೈಡಾಗಿ ಮಾರ್ಪಡುತ್ತದೆ, ಜೊತೆಗೆ ಹೊಗೆಯ ಇಂಗಾಲವೂ ಮೈಗೆ ಇಳಿಯುತ್ತದೆ. ಒಂದೇ ಮಣ್ಣು, ಒಂದೇ ಬಗ್ಗಡ. ಕೊನೆಯ ಹೊತ್ತಿನ ಆ ಮುಚ್ಚುವಿಕೆಯೇ ಬಣ್ಣವನ್ನು ನಿರ್ಧರಿಸುತ್ತದೆ. ಗಾಳಿ ಜೋರಾಗಿ ಬೀಸಿದರೆ ಅಥವಾ ಮಣ್ಣಿನಲ್ಲಿ ತೇವ ಉಳಿದಿದ್ದರೆ ತಿಂಗಳುಗಳ ಕೆಲಸ ಒಂದು ಸಿಡಿತದಲ್ಲಿ ಮುಗಿದುಹೋಗುತ್ತದೆ.

ಪ್ರಶ್ನೆ: ಇದನ್ನು ಮಾಡಿದವರಲ್ಲಿ ಹೆಸರಾದವರು ಯಾರು? ಇಂದಿನವರೂ ಮಾಡುತ್ತಿದ್ದಾರೆಯೇ?

ಉತ್ತರ: ಸಾಂತಾ ಕ್ಲಾರಾದ ಮಟ್ಟಿಗೆ ಮಾರ್ಗರೆಟ್ ತಫೋಯಾ (1904–2001) ಅವರ ಹೆಸರೇ ಮೊದಲು ಬರಬೇಕು. ತಾಯಿ ಸಾರಾ ಫಿನಾ ಅವರಿಂದ ಕಲಿತು, ಬಯಲು ಬೆಂಕಿಯಲ್ಲಿ ಸುಡುವುದೇ ದೊಡ್ಡ ಸಾಹಸವಾಗುವಷ್ಟು ಭಾರೀ ಗಾತ್ರದ ಪಾತ್ರೆಗಳನ್ನು ಮಾಡಿದವರು ಅವರು. 1984ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರಾ ಫೆಲೋಶಿಪ್ ಅವರಿಗೆ ಸಂದಿತು. ಅವರ ಪಾತ್ರೆಗಳ ಮೇಲೆ ಮತ್ತೆ ಮತ್ತೆ ಕಾಣುವ ಕರಡಿಯ ಪಾದದ ಅಚ್ಚಿಗೆ, ಬರಗಾಲದಲ್ಲಿ ಕರಡಿಯೊಂದು ಜನರಿಗೆ ನೀರಿನ ಸೆಲೆಯನ್ನು ತೋರಿಸಿತೆಂಬ ನಂಬಿಕೆಯ ಹಿನ್ನೆಲೆಯಿದೆ. ನೆರೆಯ ಸಾನ್ ಇಲ್ಡಿಫಾನ್ಸೊದಲ್ಲಿ ಮರಿಯಾ ಮಾರ್ಟಿನೆಜ್ ಮತ್ತು ಅವರ ಪತಿ ಹೂಲಿಯಾನ್ 1919ರ ಸುಮಾರಿಗೆ ಹೊಳೆಯುವ ಕಪ್ಪಿನ ಮೇಲೆ ಹೊಳಪಿಲ್ಲದ ಕಪ್ಪಿನ ಚಿತ್ರ ಮೂಡಿಸುವ ಕ್ರಮವನ್ನು ಕಂಡುಕೊಂಡರು. ಬಂಡೆಯ ನೆತ್ತಿಯ ಮೇಲಿರುವ ಆಕೊಮಾದ ಪಾತ್ರೆಗಳು ಇವಕ್ಕೆ ತದ್ವಿರುದ್ಧ: ತೆಳುಗೋಡೆ, ಬಿಳಿಯ ಮೈ, ಯಕ್ಕಾ ಎಂಬ ಗಿಡದ ಎಲೆಯ ನಾರಿನ ಕುಂಚದಿಂದ ಎಳೆದ ಕಪ್ಪು ಗೆರೆಗಳು. ಲೂಸಿ ಲೂಯಿಸ್ ಮತ್ತು ಮರೀ ಚೀನೊ ಅಲ್ಲಿಯ ದೊಡ್ಡ ಹೆಸರುಗಳು.

ಇಂದಿನವರಲ್ಲಿ ಮಾರ್ಗರೆಟ್ ಅವರ ಮೊಮ್ಮಕ್ಕಳಾದ ನ್ಯಾನ್ಸಿ ಮತ್ತು ನೇಥನ್ ಯಂಗ್‌ಬ್ಲಡ್ ಹಳೆಯ ಕ್ರಮದಲ್ಲಿಯೇ ಅಚ್ಚುಕಟ್ಟಿನ ಮಟ್ಟವನ್ನು ಇನ್ನೂ ಮೇಲಕ್ಕೆ ಒಯ್ದಿದ್ದಾರೆ. ಸಾರಾ ಫಿನಾ ಅವರ ಸಂತತಿಯವರೇ ಆದ ಟ್ಯಾಮಿ ಗಾರ್ಸಿಯಾ ಆಳವಾಗಿ ಕೆತ್ತಿದ ಮಣ್ಣಿನ ಪಾತ್ರೆಗಳಿಂದ ಹೆಸರಾಗಿ, ಕಂಚು ಮತ್ತು ಗಾಜಿನಲ್ಲೂ ಕೆಲಸ ಮಾಡಿದ್ದಾರೆ. ಅವರದು ಪರಂಪರೆಯೇ ಎಂದು ಕೇಳುವವರಿದ್ದಾರೆ. ಮರಿಯಾ ಮತ್ತು ಹೂಲಿಯಾನರ ಕಪ್ಪು ಪಾತ್ರೆಯೂ ಅದರ ಕಾಲಕ್ಕೆ ಹೊಸದೇ ಆಗಿತ್ತು ಎಂಬುದನ್ನು ಅವರು ಮರೆಯಬಾರದು.

ಪ್ರಶ್ನೆ: ಒಂದೇ ರೀತಿ ಕಾಣುವ ಎರಡು ಹೂಜಿಗಳಲ್ಲಿ ಒಂದರ ಬೆಲೆ ಇನ್ನೊಂದರ ಹತ್ತು ಪಟ್ಟು ಇತ್ತು. ಅಗ್ಗದ್ದು ನಕಲಿಯೇ?

ಉತ್ತರ: ಹಾಗೆನ್ನಲಾಗದು. ಅಚ್ಚಿಗೆ ದ್ರವಮಣ್ಣನ್ನು ಹೊಯ್ದು ತೆಗೆದ ಬಿಳಿ ಹೂಜಿಗಳನ್ನು ಕೊಂಡು, ಅವುಗಳ ಮೇಲೆ ಕೈಯಿಂದ ಚಿತ್ರ ಬರೆದು, ವಿದ್ಯುತ್ ಗೂಡಿನಲ್ಲಿ ಸುಟ್ಟು ಮಾರುವವರಲ್ಲಿ ಪ್ವೆಬ್ಲೊ ಜನರೂ ಇದ್ದಾರೆ. 1990ರ ಇಂಡಿಯನ್ (ಇಲ್ಲಿ ಅಮೆರಿಕದ ಮೂಲನಿವಾಸಿಗಳೆಂದು ಅರ್ಥ) ಕಲೆ ಮತ್ತು ಕರಕುಶಲ ಕಾಯಿದೆಯ ಪ್ರಕಾರ, ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರದೆಂದು ಬಿಂಬಿಸಿ ಮಾರುವುದು ಅಪರಾಧ. ಮೊದಲ ಬಾರಿಗೆ ಸಿಕ್ಕಿಬಿದ್ದ ವ್ಯಕ್ತಿಗೂ 2,50,000 ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಸೆರೆ ಅಥವಾ ಎರಡೂ ಆಗಬಹುದು. ಆ ಕಾಯಿದೆ ಕೇಳುವುದು ಯಾರು ಮಾಡಿದರೆಂದು. ಹೇಗೆ ಮಾಡಿದರೆಂದು ನೀವೇ ಕೇಳಬೇಕು. ಮಣ್ಣು ಎಲ್ಲಿಯದು, ಸುರುಳಿ ಸುತ್ತಿ ಎಬ್ಬಿಸಿದ್ದೋ ಅಚ್ಚಿನದೋ, ಬಯಲಿನಲ್ಲಿ ಸುಟ್ಟದ್ದೋ ಗೂಡಿನಲ್ಲೋ ಎಂಬ ಮೂರು ಪ್ರಶ್ನೆಗಳು ಸಾಕು. ಬಾಯೊಳಗೆ ಬೆರಳು ಹಾಕಿ ನೋಡಿದರೂ ತಿಳಿಯುತ್ತದೆ: ಅಚ್ಚಿನ ಗೋಡೆ ಎಲ್ಲೆಡೆ ಒಂದೇ ದಪ್ಪ, ಕೈಯದು ಅಲ್ಲಲ್ಲಿ ಏರಿಳಿಯುತ್ತದೆ. ಸಾಂತಾ ಫೆಯ ಗವರ್ನರುಗಳ ಅರಮನೆಯ ಮುಂಭಾಗದ ಜಗಲಿಯಲ್ಲಿ ಕುಳಿತು ಮಾರುವವರು ತಾವು ಅಥವಾ ತಮ್ಮ ಮನೆಯವರು ಮಾಡಿದ್ದನ್ನಷ್ಟೇ ಮಾರಬೇಕೆಂಬ ನಿಯಮವಿದೆ. 1922ರಲ್ಲಿ ಆರಂಭವಾಗಿ ಈಗ ಪ್ರತಿ ಆಗಸ್ಟ್‌ನಲ್ಲಿ ನಡೆಯುವ ಇಂಡಿಯನ್ ಮಾರ್ಕೆಟ್‌ನಲ್ಲಿ ಮಾಡಿದವರೊಂದಿಗೇ ಮಾತನಾಡಬಹುದು. ಪೈನ್ ಮರದ ಅಂಟು ಬಳಿದ ಕಂದು ಬಣ್ಣದ ಮದುವೆ ಹೂಜಿ ಕಂಡರೆ ಅದು ನವಾಹೊ ಎಂಬ ಬೇರೆ ಮೂಲನಿವಾಸಿ ಜನರದು, ಪ್ವೆಬ್ಲೊದವರದಲ್ಲ.

ಪ್ರಶ್ನೆ: ನಾವು ಕೊಂಡು ತಂದ ಕಪ್ಪು ಹೂಜಿಯಲ್ಲಿ ನೀರು ತುಂಬಿ ಹೂವು ಇಡಬಹುದೇ?

ಉತ್ತರ: ಬೇಡ. ಕಡಿಮೆ ಶಾಖದಲ್ಲಿ ಸುಟ್ಟ ಮಣ್ಣು ನೀರನ್ನು ಹೀರಿಕೊಳ್ಳುತ್ತದೆ. ಒಳಗಿನಿಂದ ಬಂದ ತೇವ ಮೆರುಗಿನಲ್ಲಿ ಮಂಕು ಕಲೆಗಳನ್ನು ಮೂಡಿಸಿದರೆ ಅವನ್ನು ಹೋಗಲಾಡಿಸುವ ಉಪಾಯವಿಲ್ಲ. ಒಣಗಿದ ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿ, ಒರೆಸುವ ಮೊದಲು ಬೆರಳಿನ ಉಂಗುರಗಳನ್ನು ತೆಗೆದಿಡಿ. ಎತ್ತುವಾಗ ಆ ಕಮಾನಿನ ಹಿಡಿಯನ್ನು ಹಿಡಿಯದೆ, ಒಂದು ಕೈಯನ್ನು ತಳಕ್ಕೂ ಇನ್ನೊಂದನ್ನು ಹೊಟ್ಟೆಗೂ ಕೊಡಿ.