ಹಗ್ಗಕ್ಕೆ ಹಾಕುವುದು, ಹಗ್ಗದಿಂದ ತೆಗೆಯುವುದು

ಹೋದ ಸಂಚಿಕೆಯಲ್ಲಿ ಅಸೆಂಡರ್‌ಗಳ ಬಗ್ಗೆ ಬರೆದಿದ್ದೆ. ಆಳದ ಗುಹೆಗೆ ಇಳಿದವರು, ಬಂಡೆ ಹತ್ತುವವರು ಹಗ್ಗ ಹಿಡಿದು ಮೇಲೇರಲು ಬಳಸುವ ಲೋಹದ ಸಾಧನಗಳು ಅವು. ಮೇಲಕ್ಕೆ ತಳ್ಳಿದರೆ ಸಲೀಸಾಗಿ ಜಾರುತ್ತವೆ. ಭಾರ ಬಿಟ್ಟ ಕೂಡಲೇ ಹಗ್ಗವನ್ನು ಹಿಡಿದು ನಿಲ್ಲುತ್ತವೆ. ನಾನು ಬಹಳ ಕಾಲದಿಂದ ಇವನ್ನು ಕೂಡಿಡುತ್ತಾ, ಒಂದಕ್ಕೊಂದು ಹೋಲಿಸಿ ನೋಡುತ್ತಾ ಬಂದಿದ್ದೇನೆ. ಆ ಬರಹ ಓದಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಪ್ರಶ್ನೆ: ಅಸೆಂಡರ್ ಒಳಗೆ ಚೂಪು ಹಲ್ಲುಗಳಿವೆ. ಆ ಹಲ್ಲುಗಳು ಹಗ್ಗಕ್ಕೆ ಚುಚ್ಚಿಕೊಂಡು ಇಡೀ ಮನುಷ್ಯನ ಭಾರ ಹೊರುತ್ತವಾ? ಹಗ್ಗ ಹಾಳಾಗಲ್ವಾ?

ಉತ್ತರ: ಭಾರ ಹೊರುವುದು ಹಲ್ಲಲ್ಲ, ಒತ್ತಡ. ಸಾಧನದ ಒಳಗೆ ಕ್ಯಾಮ್ ಎಂಬ ತಿರುಗುವ ಲೋಹದ ತುಂಡೊಂದು ಇರುತ್ತದೆ. ಅದು ತಿರುಗುವ ಅಚ್ಚು ನಡುವಿನಲ್ಲಿರದೆ ಒಂದು ಪಕ್ಕಕ್ಕಿರುತ್ತದೆ. ಹಾಗಾಗಿ ಕ್ಯಾಮ್ ತಿರುಗಿದಷ್ಟೂ ಅದಕ್ಕೂ ಎದುರಿನ ಗೋಡೆಗೂ ನಡುವಿನ ಸಂದು ಕಿರಿದಾಗುತ್ತದೆ. ಹಗ್ಗ ಆ ಸಂದಿನಲ್ಲಿ ಸಿಕ್ಕಿಕೊಳ್ಳುತ್ತದೆ. ನೀವು ಜೋರಾಗಿ ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ. ಹಲ್ಲುಗಳಿಗಿರುವುದು ಶುರುವಿನ ಕೆಲಸ ಮಾತ್ರ. ಸಣ್ಣ ಸ್ಪ್ರಿಂಗ್ ಒಂದು ಕ್ಯಾಮ್ ಅನ್ನು ಹಗ್ಗಕ್ಕೆ ಒರಗಿಸಿ ಇಟ್ಟಿರುತ್ತದೆ. ಕೆಳಮುಖವಾಗಿ ಬಾಗಿದ ಹಲ್ಲುಗಳು ಹಗ್ಗದ ಸಿಪ್ಪೆಯ, ಅಂದರೆ ಹೊರಹೊದಿಕೆಯ, ಎಳೆಗಳಿಗೆ ಸಿಕ್ಕಿ ಕ್ಯಾಮ್ ಅನ್ನು ತಿರುಗಿಸುತ್ತವೆ. ಆಮೇಲಿನದನ್ನು ನಿಮ್ಮ ಭಾರವೇ ಮಾಡಿಕೊಳ್ಳುತ್ತದೆ.

ನಂಬಿಕೆ ಬರದಿದ್ದರೆ ಗಿಬ್ಸ್ ಅಸೆಂಡರ್ ನೋಡಿ. 1960ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬಂದದ್ದು. ಅದರ ಕ್ಯಾಮ್‌ನಲ್ಲಿ ಚೂಪು ಹಲ್ಲೇ ಇಲ್ಲ, ದುಂಡನೆಯ ಏಣುಗಳಷ್ಟೇ ಇವೆ. ಆದರೂ ಗಟ್ಟಿಯಾಗಿ ಹಿಡಿಯುತ್ತದೆ. ಯಾಕೆಂದರೆ ಅದರಲ್ಲಿ ಭಾರ ಬೀಳುವುದು ಚೌಕಟ್ಟಿನ ಮೇಲಲ್ಲ, ಕ್ಯಾಮ್‌ನ ತೋಳಿನ ಮೇಲೆ. ಆ ತೋಳು ಸನ್ನೆಗೋಲಿನಂತೆ ಕ್ಯಾಮ್ ಅನ್ನು ಹಗ್ಗಕ್ಕೆ ಒತ್ತುತ್ತದೆ. ಯಾವ ಅಸೆಂಡರ್ ಕೈಗೆ ಬಂದರೂ ನಾನು ಮೊದಲು ನೋಡುವುದು ಇದನ್ನೇ: ಭಾರ ಚೌಕಟ್ಟಿಗೆ ಬೀಳುತ್ತದೋ, ಕ್ಯಾಮ್‌ಗೆ ಬೀಳುತ್ತದೋ? ಇದೊಂದು ಗೊತ್ತಾದರೆ ಉಳಿದದ್ದರಲ್ಲಿ ಅರ್ಧ ತಾನಾಗಿಯೇ ಅರ್ಥವಾಗುತ್ತದೆ.

ಹಗ್ಗ ಹಾಳಾಗುವ ಮಾತು ನಿಜ. ಸುಮ್ನೆ ಹತ್ತುವಾಗ ಎಳೆಗಳು ಸ್ವಲ್ಪ ನವೆಯುತ್ತವೆ, ಅಷ್ಟೇ. ಆದರೆ ಹಗ್ಗ ಸಡಿಲ ಬಿಟ್ಟುಕೊಂಡು ಅಸೆಂಡರ್ ಮೇಲೆ ಬಿದ್ದರೆ ಕಥೆ ಬೇರೆ. ಹಲ್ಲಿನ ಸಾಧನಗಳು ಸಾಮಾನ್ಯವಾಗಿ 4ರಿಂದ 6 ಕಿಲೋನ್ಯೂಟನ್ ಬಲಕ್ಕೆ ಹಗ್ಗದ ಸಿಪ್ಪೆ ಹರಿದುಬಿಡುತ್ತವೆ. 4 ಕಿಲೋನ್ಯೂಟನ್ ಅಂದರೆ ಸುಮಾರು 400 ಕಿಲೋ ಭಾರ. ತೂಗಾಡುತ್ತಾ ಹತ್ತುವವರಿಗೆ ಅಷ್ಟು ಧಾರಾಳ ಸಾಕು. ಬೀಳುವವರಿಗೆ ಸಾಲದು.

ಪ್ರಶ್ನೆ: ನನಗೂ ಸಂಗ್ರಹ ಶುರು ಮಾಡುವ ಆಸೆ. ಒಂದೇ ಕಂಪನಿಯ ಎಲ್ಲಾ ಮಾದರಿಗಳನ್ನು ಸೇರಿಸಲೋ, ಸಿಕ್ಕಿದ್ದನ್ನೆಲ್ಲ ಸೇರಿಸಲೋ?

ಉತ್ತರ: ಎರಡೂ ಬೇಡ. ಒಂದೊಂದು ಜಾತಿಯದ್ದು ಒಂದೊಂದು ಇರಲಿ. ಬಣ್ಣ ಬೇರೆ, ಹಿಡಿಯ ರಬ್ಬರ್ ಬೇರೆ, ಒಳಗೆ ಎಲ್ಲಾ ಒಂದೇ ಎನ್ನುವಂಥ ಹತ್ತು ಸಾಧನಗಳಿಗಿಂತ ಬೇರೆ ಬೇರೆ ಯೋಚನೆಯಿಂದ ಹುಟ್ಟಿದ ನಾಲ್ಕು ಮೇಲು.

ಮೊದಲು ಹಗ್ಗದ ತುಂಡೊಂದನ್ನು ಇಟ್ಟುಕೊಳ್ಳಿ. ನಿಜವಾಗಿ ಹೇಳುತ್ತಿದ್ದೇನೆ. ಆಸ್ಟ್ರಿಯಾದ ಕಾರ್ಲ್ ಪ್ರುಸಿಕ್ 1931ರಲ್ಲಿ ತೋರಿಸಿಕೊಟ್ಟ ಗಂಟನ್ನು ತೆಳ್ಳಗಿನ ಹುರಿಯಲ್ಲಿ ದಪ್ಪ ಹಗ್ಗದ ಮೇಲೆ ಹಾಕಿ ನೋಡಿ. ಭಾರ ಬಿದ್ದರೆ ಬಿಗಿಯುತ್ತದೆ, ಸಡಿಲಿಸಿದರೆ ಜರುಗುತ್ತದೆ. ಪ್ರತಿ ಹೆಜ್ಜೆಗೂ ಬಿಗಿದ ಗಂಟನ್ನು ಬೆರಳಿಂದ ಬಿಡಿಸಿ ಮೇಲೆ ತಳ್ಳಬೇಕು. ಕೆಸರು ಮೆತ್ತಿದ ಹಗ್ಗದಲ್ಲಿ, ಮರಗಟ್ಟಿದ ಬೆರಳಲ್ಲಿ ಅದು ಎಂಥ ಕಷ್ಟ ಅಂತ ಗೊತ್ತಾದ ಮೇಲೆ ಲೋಹದ ಸಾಧನ ಯಾಕೆ ಬೇಕಾಯಿತು ಎಂದು ಯಾರೂ ವಿವರಿಸಬೇಕಾಗಿಲ್ಲ.

ಫ್ರಾನ್ಸಿನ ಗುಹೆಗಾರರು 1930ರ ದಶಕದಲ್ಲೇ ಲೋಹದ ದಾರಿ ಹುಡುಕಿದ್ದರು. ಆಂರಿ ಬ್ರೆನೊ ಮಾಡಿದ ಸಾಧನಗಳನ್ನು ಪಿಯೆರ್ ಶೆವಾಲಿಯೆ ಅವರ ತಂಡ ದಾಂ ದ ಕ್ರೋಲ್ ಬೆಟ್ಟದ ಗುಹೆಗಳಲ್ಲಿ ಬಳಸಿತು. ಅಂಥವು ನಮ್ಮಂಥವರ ಕೈಗೆ ಸಿಗುವುದು ಕನಸು. ಸಿಗಬಹುದಾದ ಹಳೆಯ ತುಣುಕು ಅಂದರೆ ಜುಮಾರ್. ಸ್ವಿಟ್ಜರ್ಲೆಂಡಿನ ಅಡಾಲ್ಫ್ ಯೂಸಿ ಹದ್ದುಗಳನ್ನು ಅಭ್ಯಾಸ ಮಾಡುತ್ತಿದ್ದವರು. ಅವುಗಳ ಗೂಡು ನೋಡಲು ಕಡಿದಾದ ಬಂಡೆಗಳಲ್ಲಿ ನೇತಾಡಬೇಕಿತ್ತು. ಅವರಿಗಾಗಿ ವಾಲ್ಟರ್ ಮಾರ್ಟಿ ಈ ಸಾಧನ ಮಾಡಿಕೊಟ್ಟರು. 1958ರಲ್ಲಿ ಅದು ಪರ್ವತಾರೋಹಿಗಳ ಕೈಗೂ ಬಂತು. ಕೈ ತುಂಬಾ ಹಿಡಿಯುವಂಥ ಹಿಡಿ, ಹಿಡಿಯ ಮೇಲೆ ಕ್ಯಾಮ್, ಕ್ಯಾಮ್‌ಗೆ ತಾನಾಗಿ ತೆರೆದುಕೊಳ್ಳದಂತೆ ಒಂದು ತಡೆ. ಇವತ್ತಿನ ಕೈ ಅಸೆಂಡರ್‌ಗಳ ಆಕಾರವೆಲ್ಲ ಅಲ್ಲಿಂದಲೇ ಬಂದದ್ದು.

ಮೂರನೆಯದು ಪೆಟ್ಜಲ್‌ನ ಕ್ರೋಲ್. ದಾಂ ದ ಕ್ರೋಲ್ ಗುಹೆಗಳಲ್ಲಿ ತಿರುಗಾಡಿದ ಫೆರ್ನಾಂ ಪೆಟ್ಜಲ್ ಅವರೇ ಮುಂದೆ 1968ರ ಹೊತ್ತಿಗೆ ಬ್ರುನೊ ಡ್ರೆಸ್ಲರ್ ಜೊತೆ ಸೇರಿ ಹಗ್ಗದ ಸಾಧನಗಳನ್ನು ಮಾಡತೊಡಗಿದರು. ಕ್ರೋಲ್‌ಗೆ ಹಿಡಿಯೇ ಇಲ್ಲ. ಎದೆಯ ಮೇಲೆ ಚಪ್ಪಟೆಯಾಗಿ ಕೂರುತ್ತದೆ. ನಾಲ್ಕನೆಯದು ಆಗಲೇ ಹೇಳಿದ ಗಿಬ್ಸ್. ಇಷ್ಟು ಸೇರಿದರೆ ನಿಮ್ಮ ಸಂಗ್ರಹಕ್ಕೆ ಒಂದು ಬೆನ್ನೆಲುಬು ಬಂತು.

ಪ್ರಶ್ನೆ: ಎರಡು ಅಸೆಂಡರ್‌ಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವಾಗ ನೀವು ಯಾವುದಕ್ಕೆ ಜಾಸ್ತಿ ಅಂಕ ಕೊಡುತ್ತೀರಿ? ತೂಕಕ್ಕೋ, ಹಿಡಿತಕ್ಕೋ?

ಉತ್ತರ: ಎರಡಕ್ಕೂ ಅಲ್ಲ. ಹಿಡಿತ ಎಲ್ಲದರಲ್ಲೂ ಇದೆ, ಇಲ್ಲದಿದ್ದರೆ ಅದು ಮಾರುಕಟ್ಟೆಗೇ ಬರುತ್ತಿರಲಿಲ್ಲ. ತೂಕದ ವ್ಯತ್ಯಾಸ ಕೆಲವು ಗ್ರಾಂ. ನಾನು ನೋಡುವುದು ಅದನ್ನು ಹಗ್ಗಕ್ಕೆ ಹೇಗೆ ಹಾಕುತ್ತೇವೆ, ಹಗ್ಗದಿಂದ ಹೇಗೆ ತೆಗೆಯುತ್ತೇವೆ ಎನ್ನುವುದನ್ನು. ಬೇಕೆಂದಾಗ ಒಂದೇ ಕೈಯಲ್ಲಿ ಬಿಡಿಸಬೇಕು, ಬೇಡದಾಗ ಯಾವ ಕಾರಣಕ್ಕೂ ಬಿಡಿಸಿಕೊಳ್ಳಬಾರದು. ಈ ಎರಡು ಬೇಡಿಕೆಗಳು ಒಂದಕ್ಕೊಂದು ವಿರುದ್ಧ. ಅಸೆಂಡರ್ ಮಾಡಿದವರೆಲ್ಲ ತಲೆ ಕೆಡಿಸಿಕೊಂಡದ್ದು ಈ ಜಗಳ ಬಿಡಿಸುವುದಕ್ಕೇ ಅಂತ ನನ್ನ ಅಭಿಪ್ರಾಯ.

ಗಿಬ್ಸ್ ಒಂದು ತುದಿ. ಅದು ಮೂರು ಬಿಡಿ ಭಾಗ: ಯು ಆಕಾರದ ಕವಚ, ಕ್ಯಾಮ್, ಒಂದು ಪಿನ್. ಹಗ್ಗಕ್ಕೆ ಹಾಕಬೇಕಾದರೆ ಪಿನ್ ತೆಗೆದು, ಕವಚವನ್ನು ಹಗ್ಗದ ಸುತ್ತ ಕೂರಿಸಿ, ಕ್ಯಾಮ್ ಇಟ್ಟು, ಪಿನ್ ತೂರಿಸಬೇಕು. ಎರಡು ಕೈ ಬೇಕು, ತಾಳ್ಮೆಯೂ ಬೇಕು. ಆದರೆ ಒಮ್ಮೆ ಕೂತರೆ ಮುಗಿಯಿತು, ಹಗ್ಗ ಸುತ್ತಲೂ ಮುಚ್ಚಿಹೋಗಿರುತ್ತದೆ. ಕೆಸರಿಗೂ ಮಂಜುಗಡ್ಡೆಗೂ ಅದು ಅಷ್ಟಾಗಿ ಜಗ್ಗುವುದಿಲ್ಲ. ಇನ್ನೊಂದು ತುದಿಯಲ್ಲಿ ಜುಮಾರ್ ಮತ್ತು ಅದರ ಸಂತಾನ. ಹೆಬ್ಬೆರಳಿನಿಂದ ತಡೆ ಸರಿಸಿ ಕ್ಯಾಮ್ ತೆರೆದರೆ ಒಂದು ಪಕ್ಕ ಪೂರ್ತಿ ಖಾಲಿ. ಹಗ್ಗ ಒಳಗೆ ಹೋಗುತ್ತದೆ, ಹಾಗೇ ಹೊರಗೂ ಬರುತ್ತದೆ. ನೇರ ನಿಂತ ಹಗ್ಗದಲ್ಲಿ ಭಯವಿಲ್ಲ. ಓರೆಯಾಗಿ ಎಳೆದ ಹಗ್ಗದಲ್ಲಿ ಚೌಕಟ್ಟು ತಿರುಚಿಕೊಂಡು ಹಿಡಿತ ತಪ್ಪುವ ಸಂಭವ ಇದೆ. ಅದಕ್ಕೇ ಮೇಲಿನ ತೂತಿಗೆ ಒಂದು ಕ್ಯಾರಬೀನರ್ (ತೆರೆದು ಮುಚ್ಚುವ ಲೋಹದ ಕೊಂಡಿ) ಹಾಕಿ ಹಗ್ಗವನ್ನೂ ಅದರೊಳಗೆ ಸೇರಿಸಿಕೊಳ್ಳುತ್ತಾರೆ. ತಡೆಯನ್ನು ಪರೀಕ್ಷಿಸುವಾಗ ದಪ್ಪ ಕೈಗವಸು ಹಾಕಿಕೊಳ್ಳಿ, ಕಣ್ಣು ಮುಚ್ಚಿಕೊಳ್ಳಿ. ಬರಿಗೈಯಲ್ಲಿ ಎಲ್ಲಾ ಸಾಧನವೂ ಚೆನ್ನಾಗಿಯೇ ಕಾಣುತ್ತದೆ.

ಎರಡು ದೇಶಗಳ ಹತ್ತುವ ರೂಢಿ ಬೇರೆಯಾದದ್ದಕ್ಕೂ ಇದಕ್ಕೂ ಸಂಬಂಧ ಇದೆ. ಫ್ರಾನ್ಸಿನ ಗುಹೆಗಾರರು ಹಗ್ಗ ಬಂಡೆಗೆ ಉಜ್ಜದಿರಲಿ ಅಂತ ನಡುನಡುವೆ ಮತ್ತೆ ಮತ್ತೆ ಗೋಡೆಗೆ ಕಟ್ಟುತ್ತಾರೆ. ಅಂಥ ಪ್ರತಿ ಕಟ್ಟಿನಲ್ಲೂ ಸಾಧನ ತೆಗೆದು ಮೇಲಿನ ಹಗ್ಗಕ್ಕೆ ಹಾಕಬೇಕು. ಗಿಬ್ಸ್ ಇದ್ದರೆ ಅಲ್ಲೇ ಬೆಳಗಾಗುತ್ತದೆ. ಹಾಗಾಗಿ ಅಲ್ಲಿ ಕಪ್ಪೆ ಪದ್ಧತಿ ಬೆಳೆಯಿತು: ಎದೆಯಲ್ಲಿ ಕ್ರೋಲ್, ಕೈಯಲ್ಲಿ ಹಿಡಿಯ ಅಸೆಂಡರ್, ಅದರಿಂದ ಇಳಿಬಿಟ್ಟ ಕಾಲಿನ ಕುಣಿಕೆ. ಕೈಯದನ್ನು ಮೇಲೆ ತಳ್ಳಿ, ಎರಡೂ ಕಾಲು ಮಡಚಿ, ಎದ್ದು ನಿಂತು, ಕೂರಬೇಕು. ಅಮೆರಿಕದವರಿಗೆ ಒಂದೇ ಹಗ್ಗ ಮೇಲಿಂದ ತಳದ ತನಕ ನೇರ ಇಳಿಬಿಡುವ ರೂಢಿ. ಮೆಕ್ಸಿಕೋದ ಗೊಲೊಂಡ್ರಿನಾಸ್ ಎಂಬ ಬಾವಿಯಂಥ ಗುಹೆಯಲ್ಲಿ ಅಂಚಿನ ತಗ್ಗು ಕಡೆಯಿಂದ ಇಳಿದರೂ ಹಗ್ಗ ಸುಮಾರು 333 ಮೀಟರ್ ಗಾಳಿಯಲ್ಲೇ ತೂಗುತ್ತದೆ. ಅಲ್ಲಿ ಒಮ್ಮೆ ಹಾಕಿದರೆ ತೆಗೆಯುವುದು ತುದಿಯಲ್ಲೇ. ಹಾಗಿರುವಾಗ ಒಂದು ಪಾದಕ್ಕೆ, ಒಂದು ಮಂಡಿಗೆ ಗಿಬ್ಸ್ ಕಟ್ಟಿಕೊಂಡು ಮೆಟ್ಟಿಲು ಹತ್ತುವ ಹಾಗೆ ನಡೆದುಬಿಡುವುದೇ ಸುಖ. ಯಾವುದು ಒಳ್ಳೆಯದು ಅಂತ ಕೇಳುವವರಿಗೆ ನಾನು ತಿರುಗಿ ಕೇಳುವುದು: ದಾರಿಯಲ್ಲಿ ಎಷ್ಟು ಸಲ ತೆಗೆದು ಹಾಕಬೇಕು?

ಇನ್ನೊಂದು ಅಳತೆ ಹೇಳುತ್ತೇನೆ, ಇದನ್ನು ಯಾರೂ ಬರೆದಿಡುವುದಿಲ್ಲ. ಸಾಧನವನ್ನು ಹಗ್ಗಕ್ಕೆ ಹಾಕಿ, ಅದರ ಮೇಲಂಚಿನ ನೇರಕ್ಕೆ ಹಗ್ಗದ ಮೇಲೆ ಪೆನ್ನಿನಿಂದ ಗೆರೆ ಎಳೆಯಿರಿ. ಪೂರ್ತಿ ಭಾರ ಬಿಡಿ. ಈಗ ಗೆರೆಯಿಂದ ಎಷ್ಟು ಕೆಳಗೆ ಬಂದು ನಿಂತಿತು ನೋಡಿ. ಪ್ರತಿ ಹೆಜ್ಜೆಯಲ್ಲೂ ನೀವು ಅಷ್ಟನ್ನು ಕಳೆದುಕೊಳ್ಳುತ್ತೀರಿ. ಒಂದೇ ಸಾಧನದ್ದು ತೆಳು ಹಗ್ಗಕ್ಕೆ ಒಂದು ಲೆಕ್ಕ, ದಪ್ಪ ಹಗ್ಗಕ್ಕೆ ಇನ್ನೊಂದು ಲೆಕ್ಕ ಬರುತ್ತದೆ. ಹಗ್ಗ ಒದ್ದೆ ಮಾಡಿದರೆ ಮತ್ತೂ ಬೇರೆ. ಹೋಲಿಸುವಾಗ ಹಗ್ಗ ಒಂದೇ ಇರಲಿ.

ಪ್ರಶ್ನೆ: ಟಿಬ್ಲಾಕ್ ನಂಥ ಪುಟಾಣಿ ಸಾಧನ ಇರುವಾಗ ದೊಡ್ಡ ಹಿಡಿಯದ್ದು ಯಾಕೆ ಹೊರಬೇಕು?

ಉತ್ತರ: ಟಿಬ್ಲಾಕ್ 40 ಗ್ರಾಂ ಕೂಡ ಇಲ್ಲ ನಿಜ. ಅದರಲ್ಲಿ ಕ್ಯಾಮ್ ಇಲ್ಲ. ನಿಮ್ಮ ಕ್ಯಾರಬೀನರೇ ಹಗ್ಗವನ್ನು ಅದರ ಹಲ್ಲಿಗೆ ಒತ್ತುತ್ತದೆ. ತುಂಬಾ ಜಾಣ ವಿನ್ಯಾಸ. ಆದರೆ ಕ್ಯಾರಬೀನರ್ ಸರಿ ಇಲ್ಲದಿದ್ದರೆ ಹಿಡಿತವೂ ಸರಿ ಇರುವುದಿಲ್ಲ. ಆಪತ್ತಿಗೆ ಜೇಬಲ್ಲಿರಲಿ. ಉದ್ದ ಹಗ್ಗ ಹತ್ತಲು ಹಿಡಿಯೇ ಬೇಕು.

ಪ್ರಶ್ನೆ: ಪರಿಚಯದವರೊಬ್ಬರ ಮನೆಯಲ್ಲಿ ಹಳೆಯ ಜುಮಾರ್ ಜೋಡಿ ಸಿಕ್ಕಿದೆ. ನೋಡಲು ಗಟ್ಟಿಯಾಗಿವೆ. ಬಳಸಬಹುದಾ? ತೊಳೆದು ಪಾಲಿಶ್ ಮಾಡಿಸಲಾ?

ಉತ್ತರ: ಬಳಸಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಹಳೆಯ ಜುಮಾರ್‌ನ ಚೌಕಟ್ಟು ಎರಕ ಹೊಯ್ದ ಅಲ್ಯೂಮಿನಿಯಂ. ಅದು ಬಾಗಿ ಎಚ್ಚರಿಸುವುದಿಲ್ಲ, ನೇರ ಮುರಿಯುತ್ತದೆ. ಕೆಳಗೆ ಬಿದ್ದ ಪೆಟ್ಟು ಒಳಗೆ ಬಿರುಕಾಗಿ ಉಳಿದಿದ್ದರೆ ಹೊರಗಿನಿಂದ ಕಾಣುವುದೂ ಇಲ್ಲ. ಅದನ್ನು ಬಳಸುತ್ತಿದ್ದ ಕಾಲದಲ್ಲೂ ತಿಳಿದವರು ಹಿಡಿಯೊಂದನ್ನೇ ನಂಬದೆ ಸ್ಲಿಂಗ್ ಎಂಬ ಕಟ್ಟುವ ಪಟ್ಟಿಯನ್ನು ಚೌಕಟ್ಟಿನ ಬೇರೆ ಭಾಗಕ್ಕೂ ಸುತ್ತಿ ಕಟ್ಟುತ್ತಿದ್ದರು. ಈಗಿನವನ್ನು ಅಲ್ಯೂಮಿನಿಯಂ ತಗಡಿನಿಂದ ಬಗ್ಗಿಸಿ ಮಾಡುತ್ತಾರೆ. ಇಎನ್ 567 ಎಂಬ ಯುರೋಪಿನ ಮಾನದಂಡದ ಪ್ರಕಾರ ಹಗ್ಗದ ಮೇಲೆ 4 ಕಿಲೋನ್ಯೂಟನ್ ಎಳೆದು ಪರೀಕ್ಷಿಸುತ್ತಾರೆ. ನಿಮ್ಮ ಜೋಡಿಯ ಮೇಲೆ ಆ ಗುರುತು ಇರಲಾರದು. ಕಪಾಟಿನಲ್ಲಿಡುವುದಕ್ಕೂ ಜೀವ ಒಪ್ಪಿಸುವುದಕ್ಕೂ ಬೇರೆ ಬೇರೆ ಪೆಟ್ಟಿಗೆ ಇರಲಿ. ಸಂಗ್ರಹದ ಸಾಧನಕ್ಕೆ ನಾನು ಕೆಂಪು ಟೇಪ್ ಸುತ್ತುತ್ತೇನೆ, ಮನೆಗೆ ಬಂದ ಯಾರೂ ತಿಳಿಯದೆ ಸೊಂಟಕ್ಕೆ ಕಟ್ಟುವ ಹಾರ್ನೆಸ್‌ಗೆ ಸಿಕ್ಕಿಸಿಕೊಳ್ಳಬಾರದು ಅಂತ.

ಪಾಲಿಶ್ ಅಂತೂ ಖಂಡಿತ ಬೇಡ. ಬೆಚ್ಚಗಿನ ನೀರು, ಮೆತ್ತನೆಯ ಬ್ರಷ್, ಅಷ್ಟೇ. ಸವೆತದಲ್ಲೇ ಅದರ ಚರಿತ್ರೆ ಇರುವುದು. ಭೂತಗನ್ನಡಿ ಹಿಡಿದು ಕ್ಯಾಮ್ ನೋಡಿ. ಎಲ್ಲಾ ಹಲ್ಲೂ ಒಂದೇ ಥರ ಸವೆದಿರುವುದಿಲ್ಲ. ಹಗ್ಗ ತೆಳ್ಳಗಿದ್ದರೆ ಅದನ್ನು ಮುಟ್ಟಲು ಕ್ಯಾಮ್ ಇನ್ನಷ್ಟು ತಿರುಗಬೇಕು, ಆಗ ಬೇರೆ ಸಾಲಿನ ಹಲ್ಲು ಕೆಲಸಕ್ಕೆ ಬರುತ್ತದೆ. ಯಾವ ಸಾಲು ಮೊಂಡಾಗಿದೆ ಎಂಬುದರಿಂದ ಹಿಂದಿನವರು ಬಳಸಿದ್ದು ದಪ್ಪ ಹಗ್ಗವೋ ತೆಳು ಹಗ್ಗವೋ ಅಂತ ಊಹಿಸಬಹುದು. ಹಗ್ಗ ಉಜ್ಜುವ ಕಡೆ ಚೌಕಟ್ಟಿನಲ್ಲಿ ನುಣ್ಣಗಿನ ಕಾಲುವೆಯೊಂದು ಬಿದ್ದಿದ್ದರೆ ಅದು ಮಣ್ಣು ಮೆತ್ತಿದ ಹಗ್ಗದ ಕೆಲಸ. ಗುಹೆಯ ಕೆಸರು ಮರಳು ಕಾಗದದಷ್ಟು ಒರಟು. ಎದೆಯ ಕ್ರೋಲ್‌ಗಳಲ್ಲಿ ಈ ಸವೆತ ಎಷ್ಟು ಜಾಸ್ತಿ ಆಗುತ್ತಿತ್ತೆಂದರೆ, ಮುಂದಿನ ಮಾದರಿಯಲ್ಲಿ ಆ ಜಾಗಕ್ಕೆ ಸ್ಟೀಲ್ ಪಟ್ಟಿ ಕೂರಿಸಬೇಕಾಯಿತು. ಹಳೆಯದು, ಹೊಸದು ಎರಡೂ ಇದ್ದರೆ ಪಕ್ಕದಲ್ಲೇ ಇಡಿ. ಉಜ್ಜಿ ಹೊಳೆಸಿದರೆ ಇವೆಲ್ಲ ಅಳಿಸಿಹೋಗುತ್ತವೆ.

ಪ್ರಶ್ನೆ: ಪ್ರತಿ ಸಾಧನಕ್ಕೂ ಏನೇನು ಬರೆದಿಡಬೇಕು?

ಉತ್ತರ: ಎಡಗೈಯದೋ ಬಲಗೈಯದೋ, ಎಷ್ಟು ದಪ್ಪದ ಹಗ್ಗಕ್ಕೆ ಅಂತ ಕೆತ್ತಿದ್ದಾರೆ, ಅದರ ಮೇಲಿನ ಅಂಕಿಗಳು. ಅಂಕಿಗಳನ್ನು ಇದ್ದ ಹಾಗೇ ಬರೆದುಕೊಳ್ಳಿ. ಪೆಟ್ಜಲ್‌ನ ಹಿಂದಿನ ಸಾಧನಗಳಲ್ಲಿ ಮೊದಲ ಎರಡು ಅಂಕಿ ತಯಾರಾದ ವರ್ಷ, ಮುಂದಿನ ಮೂರು ಆ ವರ್ಷದ ಎಷ್ಟನೇ ದಿನ ಎನ್ನುವುದು. ಹಾಗೆಯೇ ಭಾರ ಎಲ್ಲಿ ಬೀಳುತ್ತದೆ, ಕ್ಯಾಮ್‌ಗೆ ಕೆಸರು ಹೊರಹಾಕುವ ಸೀಳು ಇದೆಯೋ ಇಲ್ಲವೋ, ತಡೆ ಯಾವ ಬೆರಳಿಗೆ ಸಿಗುತ್ತದೆ ಅಂತಲೂ ಬರೆಯಿರಿ. ಬರೆಯುವಾಗ ಸಾಧನ ಕೈಯಲ್ಲಿರಲಿ. ಫೋಟೋ ನೋಡಿ ಬರೆದರೆ ಸ್ಪ್ರಿಂಗ್ ಎಷ್ಟು ಗಡಸು ಅನ್ನುವುದು ಬಿಟ್ಟುಹೋಗುತ್ತದೆ. ಕೈಗವಸು ಹಾಕಿದ ಬೆರಳಿಗೆ ಅದು ಎಲ್ಲಕ್ಕಿಂತ ಮುಖ್ಯ.